ಖಾತೆ ಅಣ್ಣನ ಹೆಸರಿಗೆ ಬಂದ ಮಾತ್ರಕ್ಕೆ ಜಮೀನು ಅಣ್ಣನದಾಗುವುದಿಲ್ಲ

ಪ್ರಶ್ನೆ: ನನ್ನ ತವರು ಮದ್ದೂರು ತಾಲ್ಲೂಕು. 1989ರಲ್ಲಿ ನನಗೆ ಮದುವೆಯಾಯಿತು. ತಂದೆಗೆ ಅವರ ತಂದೆಯಿಂದ ಬಂದ ಐದು ಎಕರೆ ನಾಲೆ ಬಯಲಿನ ಜಮೀನಿದೆ. ಅಜ್ಜ 1952ರಲ್ಲಿ ತೀರಿಕೊಂಡರು, ಅಜ್ಜಿ ಅದಕ್ಕೂ ಮೊದಲೇ ಹೋಗಿದ್ದರು. ಅವರಿಗೆ ನಮ್ಮ ತಂದೆ ಒಬ್ಬರೇ ಸಂತಾನ. ತಂದೆ 2016ರಲ್ಲಿ ಉಯಿಲು ಬರೆಯದೆ ತೀರಿಕೊಂಡರು. ತಾಯಿ ಇದ್ದಾರೆ, ನಾವು ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಈಚೆಗೆ ದೊಡ್ಡಣ್ಣ ಪೌತಿ ಖಾತೆಯನ್ನು (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಗುವ ಖಾತೆ) ತಮ್ಮೊಬ್ಬರ ಹೆಸರಿಗೆ ಮಾಡಿಸಿಕೊಂಡಿದ್ದಾರೆ. ‘ಮದುವೆಗೆ ಒಡವೆ ಹಾಕಿ ಕಳಿಸಿದ್ದೇವೆ, 2001ರಲ್ಲೇ ಊರಿನ ಯಜಮಾನರ ಮುಂದೆ ನಮಗಿಬ್ಬರಿಗೂ ಪಾಲಾಗಿದೆ, ನಿಮಗೇನೂ ಬರುವುದಿಲ್ಲ’ ಎನ್ನುತ್ತ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳುತ್ತಿದ್ದಾರೆ. ತವರಿನ ಬಾಗಿಲು ಮುಚ್ಚೀತೆಂಬ ಭಯ ನನಗೆ. ಏನು ಮಾಡಲಿ?
– ಹೆಸರು ಬೇಡ, ಮಂಡ್ಯ ಜಿಲ್ಲೆ

ಉತ್ತರ: ಮೊದಲನೆಯದಾಗಿ, ನಿಮ್ಮ ಪಾಲು ಎಷ್ಟೆಂಬುದು ಖಚಿತವಾಗುವವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಹಕ್ಕು ಬಿಡುಗಡೆ ಪತ್ರ ಒಮ್ಮೆ ನೋಂದಣಿಯಾದರೆ ಅದನ್ನು ರದ್ದುಪಡಿಸಲು ಮೋಸ ಅಥವಾ ಒತ್ತಾಯ ನಡೆಯಿತೆಂದು ನೀವೇ ಸಿವಿಲ್ ನ್ಯಾಯಾಲಯದಲ್ಲಿ ರುಜುವಾತು ಮಾಡಬೇಕಾಗುತ್ತದೆ. ಅದು ಬಹಳ ಕಷ್ಟದ ದಾರಿ.

ಇಂಥ ಪ್ರಶ್ನೆಗಳಲ್ಲಿ ಅಜ್ಜ ತೀರಿಕೊಂಡ ವರ್ಷವನ್ನು ಬಹುತೇಕರು ಬರೆಯುವುದೇ ಇಲ್ಲ. ನೀವು ಬರೆದಿರುವುದರಿಂದ ಖಚಿತವಾಗಿ ಉತ್ತರಿಸಲು ಸಾಧ್ಯವಾಗಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಗೆ ಬಂದದ್ದು 1956ರಲ್ಲಿ. ಅದಕ್ಕೂ ಮೊದಲೇ ಅಜ್ಜ ತೀರಿಕೊಂಡು ಜಮೀನು ತಂದೆಯ ಕೈಗೆ ಬಂದಿರುವ ಕಾರಣ, ಅದು ಪಿತ್ರಾರ್ಜಿತ. ಅದರಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿದೆ. ಅಜ್ಜ ತಾವೇ ಸಂಪಾದಿಸಿದ ಜಮೀನನ್ನು ಬಿಟ್ಟು 1956ರ ನಂತರ ಉಯಿಲಿಲ್ಲದೆ ತೀರಿಕೊಂಡಿದ್ದರೆ, ಅದು ಕಾಯ್ದೆಯ 8ನೇ ಕಲಮಿನಂತೆ ತಂದೆಗೆ ಬಂದು ಅವರ ಪ್ರತ್ಯೇಕ ಸ್ವತ್ತಾಗುತ್ತಿತ್ತು. 1986ರಲ್ಲಿ ಚಂದರ್ ಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದು ಇದನ್ನೇ. ‘ಅಜ್ಜನ ಕಾಲದ್ದು’ ಎಂದ ಮಾತ್ರಕ್ಕೆ ಎಲ್ಲವೂ ಪಿತ್ರಾರ್ಜಿತವಾಗುವುದಿಲ್ಲ ಎಂಬುದನ್ನು ಇತರ ಓದುಗರೂ ದಯವಿಟ್ಟು ಗಮನಿಸಬೇಕು.

ಮದುವೆಯಾದವಳಿಗೆ ಪಾಲಿಲ್ಲವೆಂಬ ಅಣ್ಣನವರ ಮಾತಿನ ಹಿಂದೆ ಹಳೆಯ ಕಾನೂನಿನ ನೆನಪಿರಬಹುದು. ಮೈಸೂರು ಸಂಸ್ಥಾನವು 1933ರಷ್ಟು ಹಿಂದೆಯೇ ಹಿಂದೂ ಮಹಿಳೆಯರ ಹಕ್ಕುಗಳಿಗಾಗಿ ಕಾಯ್ದೆ ತಂದು, ವಿಭಾಗದ ಸಮಯದಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟಿತ್ತು. 1994ರ ಜುಲೈ 30ರಿಂದ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಮಗಳನ್ನು ಮಗನಿಗೆ ಸಮಾನಳನ್ನಾಗಿಸಿತಾದರೂ ಅಂದಿಗೆ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. ಆ ತಡೆ ಈಗ ಇಲ್ಲ. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರ ತಿದ್ದುಪಡಿಯಲ್ಲಿ ಮದುವೆಯಾದ ಮಗಳು, ಆಗದ ಮಗಳು ಎಂಬ ಭೇದವಿಲ್ಲ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠವು, ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ತೀರ್ಪಿತ್ತಿತು. ನಿಮ್ಮ ತಂದೆ 2016ರವರೆಗೂ ಇದ್ದವರು. ನಿಮ್ಮ ವಿಷಯದಲ್ಲಿ ಆ ಚರ್ಚೆಗೂ ಆಸ್ಪದವಿಲ್ಲ. ಒಡವೆಯ ಮಾತೂ ನಿಲ್ಲುವುದಿಲ್ಲ. ಮದುವೆಯಲ್ಲಿ ಪ್ರೀತಿಯಿಂದ ಕೊಟ್ಟದ್ದು ಪಾಲಿಗೆ ಬದಲಾಗಿ ಕೊಟ್ಟದ್ದಾಗುವುದಿಲ್ಲ.

2001ರ ಪಾಲಿನ ವಿಷಯಕ್ಕೆ ಬರೋಣ. 2004ರ ಡಿಸೆಂಬರ್ 20ಕ್ಕೆ ಮೊದಲು ನಡೆದ ವಿಭಾಗಗಳನ್ನು ಕಾನೂನು ಉಳಿಸಿಕೊಂಡಿದೆ ಎಂಬುದು ನಿಜ. ಆದರೆ ಅದು ನೋಂದಾಯಿತ ವಿಭಾಗ ಪತ್ರದ ಮೂಲಕವೋ ನ್ಯಾಯಾಲಯದ ಡಿಕ್ರಿಯ ಮೂಲಕವೋ ಆಗಿರಬೇಕು. ಬಾಯಿಮಾತಿನ ಪಾಲನ್ನು ನ್ಯಾಯಾಲಯ ಒಪ್ಪುವುದು ಅಪರೂಪಕ್ಕೆ, ಅದೂ ಅದಕ್ಕೆ ತಕ್ಕ ಸರ್ಕಾರಿ ದಾಖಲೆಗಳು ಆ ಕಾಲದಿಂದಲೇ ಇದ್ದರೆ ಮಾತ್ರ. ಇಲ್ಲಿ ಅಣ್ಣನವರ ನಡೆಯೇ ಅವರ ಮಾತಿಗೆ ಎದುರಾಗಿದೆ. 2001ರಲ್ಲಿ ನಿಜವಾಗಿ ಪಾಲಾಗಿದ್ದರೆ ಪಹಣಿಯಲ್ಲಿ ಇಬ್ಬರು ಗಂಡುಮಕ್ಕಳ ಹೆಸರೂ ಅಂದೇ ಬಂದಿರಬೇಕಿತ್ತು, ತಂದೆಯ ಹೆಸರಿನಿಂದ ಪೌತಿ ಖಾತೆ ಮಾಡಿಸುವ ಪ್ರಮೇಯ ಬರುತ್ತಿರಲಿಲ್ಲ, ಈಗ ನಿಮ್ಮ ಸಹಿಯೂ ಅವರಿಗೆ ಬೇಕಾಗುತ್ತಿರಲಿಲ್ಲ.

ಖಾತೆ ಕಂದಾಯ ವಸೂಲಿಗಾಗಿ ಇಡುವ ದಾಖಲೆ. ಅದು ಒಡೆತನವನ್ನು ಕೊಡುವುದೂ ಇಲ್ಲ, ಕಸಿಯುವುದೂ ಇಲ್ಲ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಹಾಗೆಂದು ಸುಮ್ಮನಿರಬಾರದು, ಏಕೆಂದರೆ ಆ ಖಾತೆಯನ್ನು ನಂಬಿ ಯಾರಾದರೂ ಕೊಂಡುಕೊಂಡರೆ ಜಗಳಕ್ಕೆ ಮತ್ತೊಬ್ಬರು ಸೇರುತ್ತಾರೆ. ಮ್ಯುಟೇಶನ್ (ಖಾತೆ ಬದಲಾವಣೆ) ಆದೇಶ, ಅದಕ್ಕೆ ಹಾಜರುಪಡಿಸಿದ ವಂಶವೃಕ್ಷ, ಹಳೆಯ ಪಹಣಿಗಳು ಮತ್ತು ಋಣಭಾರ ಪತ್ರದ ನಕಲುಗಳನ್ನು ಪಡೆಯಿರಿ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನು ಬಿಟ್ಟಿದ್ದಾರೆಯೇ ನೋಡಿ. ಮ್ಯುಟೇಶನ್ ವಿರುದ್ಧ ಉಪವಿಭಾಗಾಧಿಕಾರಿಯವರಲ್ಲಿ ಮೇಲ್ಮನವಿ ಸಲ್ಲಿಸಬಹುದು.

ಇನ್ನು ಪಾಲಿನ ಲೆಕ್ಕ. ತಂದೆ ತೀರಿಕೊಳ್ಳುವ ಮುನ್ನಾ ಕ್ಷಣದಲ್ಲಿ ವಿಭಾಗವಾಯಿತೆಂದು ಕಾನೂನು ಭಾವಿಸಿಕೊಳ್ಳುತ್ತದೆ. ಆಗ ತಂದೆ ಮತ್ತು ನಾಲ್ವರು ಮಕ್ಕಳು ಸೇರಿ ಐದು ಪಾಲು. ತಲಾ ಒಂದೆಕರೆ, ಅಂದರೆ 40 ಗುಂಟೆ. ತಂದೆಯ 40 ಗುಂಟೆ ತಾಯಿ ಮತ್ತು ನಾಲ್ವರು ಮಕ್ಕಳಿಗೆ ಸಮನಾಗಿ ತಲಾ 8 ಗುಂಟೆಯಂತೆ ಹೋಗುತ್ತದೆ. ಹಾಗಾಗಿ ನಿಮ್ಮ ಪಾಲು 48 ಗುಂಟೆ, ಎಂದರೆ ಒಂದೆಕರೆ ಎಂಟು ಗುಂಟೆ. ನಿಮ್ಮ ತಂಗಿಗೂ ಅಣ್ಣಂದಿರಿಗೂ ಅಷ್ಟೇ. ತಾಯಿಗೆ 8 ಗುಂಟೆ. ತಾಯಿ ತಮ್ಮ ಪಾಲನ್ನು ಇಷ್ಟ ಬಂದವರಿಗೆ ಉಯಿಲು ಬರೆಯಬಹುದು, ಬರೆಯದಿದ್ದರೆ ಅದು ಮಕ್ಕಳೆಲ್ಲರಿಗೂ ಸಮನಾಗಿ ಬರುತ್ತದೆ.

ತವರಿನ ಬಾಗಿಲಿನ ಬಗೆಗಿನ ನಿಮ್ಮ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದ್ದರಿಂದಲೇ ತಾಯಿ ಇರುವಾಗಲೇ ಎಲ್ಲರೂ ಕುಳಿತು ನೋಂದಾಯಿತ ವಿಭಾಗ ಪತ್ರ ಮಾಡಿಕೊಳ್ಳಲು ಮೊದಲು ಪ್ರಯತ್ನಿಸಿ. ಕೃಷಿ ಜಮೀನಾದ್ದರಿಂದ ನೋಂದಣಿಗೆ ಮುಂಚೆ ಮೋಜಣಿ (ಅಳತೆ) ಮಾಡಿಸಿ, ಪಾಲುಗಳನ್ನು ಗುರುತಿಸುವ 11ಇ ನಕ್ಷೆ ಪಡೆಯಬೇಕು. ನಾಲೆ ಬಯಲಿನಲ್ಲಿ ಗುಂಟೆಯ ಲೆಕ್ಕಕ್ಕಿಂತ ನೀರಿನ ಲೆಕ್ಕ ದೊಡ್ಡದು: ತೂಬಿನಿಂದ ಯಾವ ಪಾಲಿಗೆ ಯಾವ ಕಡೆಯಿಂದ ನೀರು ಹಾಯುತ್ತದೆ, ಕೊನೆಯ ಗದ್ದೆಗೆ ಗಾಡಿ ಹೋಗುವ ದಾರಿ ಎಲ್ಲಿದೆ, ಕೊಳವೆಬಾವಿಯಿದ್ದರೆ ಅದು ಯಾರ ಪಾಲಿನಲ್ಲಿ ಉಳಿಯುತ್ತದೆ, ನಿಂತಿರುವ ಕಬ್ಬಿನ ಹಣ ಯಾರಿಗೆ ಎಂಬುದನ್ನೆಲ್ಲ ಪತ್ರದಲ್ಲೇ ಬರೆಸಿ. ಇದನ್ನು ಬಿಟ್ಟುಬಿಟ್ಟ ವಿಭಾಗಗಳೇ ಮುಂದೆ ಮಕ್ಕಳ ಕಾಲದಲ್ಲಿ ಮತ್ತೆ ನ್ಯಾಯಾಲಯದ ಮೆಟ್ಟಿಲೇರುತ್ತವೆ. ಪ್ರೀತಿಯಿಂದಲೇ ಪಾಲು ಬಿಟ್ಟುಕೊಡಬೇಕೆಂದು ನಿಮಗೆ ಅನ್ನಿಸಿದರೆ ಅದು ನಿಮ್ಮ ಸ್ವಾತಂತ್ರ್ಯ. ಆದರೆ ಬಿಡುತ್ತಿರುವುದು ಏನೆಂದು ತಿಳಿದು ಬಿಡಬೇಕು.

ಒಪ್ಪದಿದ್ದರೆ ವಿಭಾಗದ ದಾವೆ ಹೂಡಬೇಕಾಗುತ್ತದೆ. ಕುಟುಂಬದ ಸ್ವತ್ತಿನಿಂದ ತನ್ನನ್ನು ಹೊರಗಿಟ್ಟಿದ್ದಾರೆಂದು ತಿಳಿದ ದಿನದಿಂದ 12 ವರ್ಷದ ಕಾಲಮಿತಿ ಇದೆ. ‘ನಿಮಗೇನೂ ಬರುವುದಿಲ್ಲ’ ಎಂಬ ಮಾತು ಬಂದಿರುವುದರಿಂದ ತಡ ಮಾಡುವುದು ಒಳ್ಳೆಯದಲ್ಲ. ವಕೀಲರ ಖರ್ಚಿನ ಚಿಂತೆಯಿದ್ದರೆ ಮಂಡ್ಯದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯಂತೆ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಉಚಿತ ನೆರವು ಸಿಗುತ್ತದೆ.

ಪ್ರಶ್ನೆ: ಮೈಸೂರಿನಲ್ಲಿ ತಂದೆ ತಮ್ಮ ಸಂಪಾದನೆಯಿಂದ ಕಟ್ಟಿಸಿದ ಮನೆಯಲ್ಲಿ ತಾಯಿಯೊಂದಿಗೆ ನಾನಿದ್ದೇನೆ. ತಂದೆ ಉಯಿಲು ಬರೆದಿರಲಿಲ್ಲ. ತಮ್ಮ ತನ್ನ ಪಾಲನ್ನು ಹೊರಗಿನವರಿಗೆ ಮಾರಲು ಹೊರಟಿದ್ದಾನೆ. ತಡೆಯಬಹುದೇ?
– ಓದುಗರು, ಮೈಸೂರು

ಉತ್ತರ: ಇದು ತಂದೆಯ ಸ್ವಯಾರ್ಜಿತವಾದ್ದರಿಂದ ತಾಯಿಗೂ ಮಕ್ಕಳೆಲ್ಲರಿಗೂ ಸಮಪಾಲು. ತಮ್ಮನಿಗೆ ತನ್ನ ಪಾಲನ್ನು ಮಾರುವ ಹಕ್ಕಿದೆ, ಆದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಕಲಮಿನಂತೆ ಅದನ್ನು ಮೊದಲು ಕೊಳ್ಳುವ ಹಕ್ಕು ಉಳಿದ ವಾರಸುದಾರರಿಗಿದೆ. ಬೆಲೆಯಲ್ಲಿ ಒಮ್ಮತವಾಗದಿದ್ದರೆ ನ್ಯಾಯಾಲಯ ನಿಗದಿ ಮಾಡುತ್ತದೆ. ಹೊರಗಿನವರು ಕೊಂಡರೂ ವಾಸದ ಮನೆಯೊಳಗೆ ನಿಮ್ಮೊಡನೆ ಬಂದು ಇರುವ ಹಕ್ಕು ಅವರಿಗೆ ಬರುವುದಿಲ್ಲ, ಅವರು ವಿಭಾಗಕ್ಕೆ ದಾವೆ ಹೂಡಬೇಕು. ಹಾಗೆ ಹೂಡಿದಾಗಲೂ 1893ರ ವಿಭಾಗ ಕಾಯ್ದೆಯ 4ನೇ ಕಲಮಿನಡಿ ಆ ಪಾಲನ್ನು ನ್ಯಾಯಾಲಯ ಕಟ್ಟಿದ ಬೆಲೆಗೆ ನೀವು ಕೊಳ್ಳಬಹುದು. ಕೊಳ್ಳುವ ಇಚ್ಛೆಯಿದ್ದರೆ ತಮ್ಮನಿಗೆ ವಕೀಲರ ಮೂಲಕ ಈಗಲೇ ನೋಟಿಸ್ ಕೊಡಿ, ಖರೀದಿಗೆ ಮಾತುಕತೆ ನಡೆಸಿರುವವರಿಗೂ ಅದರ ಒಂದು ಪ್ರತಿ ತಲುಪಲಿ.