ಟೋಕಿಯೋದಲ್ಲಿ ರೈಲು, ಅಕ್ಕಪಕ್ಕದ ಮನೆ

ಏಪ್ರಿಲ್‌ನಲ್ಲಿ ಟೋಕಿಯೋಗೆ ಬರುತ್ತಿದ್ದೀರಿ, ಆಫೀಸು ಓತೆಮಾಚಿಯಲ್ಲಿ ಅಂದಿದ್ದೀರಿ. ರೈಲಿನ ನೂಕುನುಗ್ಗಲು ಅಷ್ಟು ಕಷ್ಟವಾ, ಮನೆ ಸುಲಭವಾಗಿ ಸಿಗುತ್ತದಾ, ಅಕ್ಕಪಕ್ಕದವರು ಹೇಗೆ, ಹೆಂಡತಿ ಮಗುವನ್ನು ಜೊತೆಗೇ ಕರೆತರಲಾ ಅಥವಾ ಆಮೇಲೆ ಕರೆಸಿಕೊಳ್ಳಲಾ ಎಂದು ಕೇಳಿದ್ದೀರಿ. 2009ರಲ್ಲಿ ಬಂದಾಗ ನಾನೂ ಇವನ್ನೇ ಯಾರನ್ನೋ ಕೇಳಿದ್ದೆ. ಅವರು ರೈಲಿನ ಬಗ್ಗೆ ಉದ್ದಕ್ಕೆ ಹೇಳಿದರು. ಪಕ್ಕದ ಮನೆಯ ಬಗ್ಗೆ ಏನೂ ಹೇಳಲಿಲ್ಲ.

ಮನೆಯನ್ನು ನಿಶಿ ಕಸಾಯ್ ಕಡೆ ನೋಡಿ. ಅಲ್ಲಿ ನಮ್ಮ ದೇಶದವರು ಬಹಳ ಇದ್ದಾರೆ, ತೋಜಾಯ್ ಲೈನ್ ಎಂಬ ಮೆಟ್ರೋದಲ್ಲಿ ಓತೆಮಾಚಿಗೆ ಒಂದೇ ರೈಲು. ಬಾಡಿಗೆಗೆ ಮನೆ ಕೊಡುವ ಸರ್ಕಾರಿ ಸಂಸ್ಥೆ ಯುಆರ್‌ನ ಅಪಾರ್ಟ್‌ಮೆಂಟ್ ಸಿಕ್ಕರೆ ಬಿಡಬೇಡಿ. ಜಾಮೀನು ಬೇಡ, ಮಾಲೀಕರಿಗೆ ಕಾಣಿಕೆ ಹಣ ಬೇಡ, ಬ್ರೋಕರ್ ಫೀಸೂ ಇಲ್ಲ.

ನೂಕುನುಗ್ಗಲು ನಿಜ. ಬೆಳಗ್ಗೆ ಕಿಬಾ ಸ್ಟೇಷನ್ ದಾಟುವಾಗ ಕೈ ಎತ್ತಲೂ ಜಾಗ ಇರುವುದಿಲ್ಲ. ಆದರೂ ಯಾರೂ ಜಗಳವಾಡುವುದಿಲ್ಲ. ಬ್ಯಾಗನ್ನು ಎದೆಗೆ ಹಾಕಿಕೊಳ್ಳಿ, ಫೋನಿನಲ್ಲಿ ಮಾತಾಡಬೇಡಿ. ಬಾಗಿಲ ಹತ್ತಿರ ನಿಂತಿದ್ದರೆ ಪ್ಲಾಟ್‌ಫಾರಂಗೆ ಇಳಿದು, ಇಳಿಯುವವರಿಗೆ ದಾರಿ ಬಿಟ್ಟು, ಮತ್ತೆ ಹತ್ತಿ. ಸಂಜೆ ಮಾತ್ರ ರ‍್ಯಾಪಿಡ್ ರೈಲು ಹತ್ತಬೇಡಿ. ಅದು ನಿಶಿ ಕಸಾಯ್‌ನಲ್ಲಿ ನಿಲ್ಲುವುದಿಲ್ಲ, ತೋಯೊಚೊ ಬಿಟ್ಟರೆ ಉರಯಾಸುನಲ್ಲೇ ನಿಲ್ಲುವುದು, ಅಷ್ಟರಲ್ಲಿ ನೀವು ಪಕ್ಕದ ಚಿಬಾ ಪ್ರಾಂತ್ಯದಲ್ಲಿರುತ್ತೀರಿ. ಪಾಸಿನ ದುಡ್ಡನ್ನು ಸಾಮಾನ್ಯವಾಗಿ ಕಂಪನಿಯೇ ಕೊಡುತ್ತದೆ. ರೈಲು ತಡವಾದರೆ ಸ್ಟೇಷನ್‌ನಲ್ಲಿ ಒಂದು ಚೀಟಿ ಕೊಡುತ್ತಾರೆ, ಅದನ್ನು ಆಫೀಸಿನಲ್ಲಿ ತೋರಿಸಿ. ರೈಲಿನ ಬಗ್ಗೆ ಇಷ್ಟು ಸಾಕು, ಉಳಿದದ್ದು ಒಂದೇ ವಾರದಲ್ಲಿ ತಾನಾಗಿ ಬರುತ್ತದೆ.

ತಾನಾಗಿ ಬರದೇ ಇರುವುದು ನೆರೆಮನೆ. ನಮ್ಮಲ್ಲಿ ಹೇಗೆ ಅಂತ ನಿಮಗೇ ಗೊತ್ತು. ಲಾರಿಯಿಂದ ಸಾಮಾನು ಇಳಿಸುವಾಗಲೇ ಎದುರುಮನೆಯವರು ಬಂದು ಯಾವ ಊರು, ಏನು ಕೆಲಸ, ಮಕ್ಕಳೆಷ್ಟು ಎಂದು ವಿಚಾರಿಸುತ್ತಾರೆ. ಇಲ್ಲಿ ಹೊಸದಾಗಿ ಬಂದವರೇ ಹೋಗಿ ಬಾಗಿಲು ತಟ್ಟಬೇಕು. ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಅವರು ಬರಲಿ ಎಂದು ನಾವು ಕಾದೆವು, ನಾವು ಬರಲಿ ಎಂದು ಅವರು ಕಾದರು. ಲಿಫ್ಟ್‌ನಲ್ಲಿ ತಲೆ ಬಾಗಿಸುವುದು, ಅಷ್ಟೇ. ನನಗೆ ಆಫೀಸಿತ್ತು. ಹೆಂಡತಿ ಚಿಕ್ಕ ಮಗಳನ್ನು ಇಟ್ಟುಕೊಂಡು ದಿನವಿಡೀ ಒಬ್ಬಳೇ. ಇಲ್ಲಿ ಬೆಳಗ್ಗೆ ಎಂಟಾದರೆ ಊರಿನಲ್ಲಿ ನಾಲ್ಕೂವರೆ. ನಾನು ಹೊರಟ ಮೇಲೆ ಅಮ್ಮನಿಗೆ ಫೋನ್ ಮಾಡೋಣವೆಂದರೂ ಅಲ್ಲಿ ಇನ್ನೂ ಕತ್ತಲು.

2011ರ ಮಾರ್ಚ್ 11, ಮಧ್ಯಾಹ್ನ 2.46ಕ್ಕೆ ಭೂಕಂಪ ಆಯಿತು. ರೈಲು ನಿಂತವು, ಫೋನ್ ಹತ್ತಲಿಲ್ಲ. ಏತಾಯ್ ದೋರಿ ರಸ್ತೆಯುದ್ದಕ್ಕೂ ಜನ ಸಾಲಾಗಿ, ಮಾತಿಲ್ಲದೆ ನಡೆಯುತ್ತಿದ್ದರು. ನಾನೂ ಅವರೊಳಗೆ ಸೇರಿ, ಕಸಾಯ್ ಬಾಶಿ ಸೇತುವೆ ದಾಟಿ ಮನೆ ತಲುಪಿದಾಗ ಕತ್ತಲಾಗಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಆ ಕ್ಷಣದ ಬಗ್ಗೆ ಬರೆಯಲು ನನಗೆ ಆಗುವುದಿಲ್ಲ. ಇಬ್ಬರೂ ಪಕ್ಕದ ಮನೆಯಲ್ಲಿದ್ದರು. ಅಲುಗಾಟ ನಿಂತ ಕೂಡಲೇ ಆ ಮನೆಯ ಅಜ್ಜಿ ಬಾಗಿಲು ಬಡಿದು, ಮಗಳನ್ನು ಎತ್ತಿಕೊಂಡು, ಮೆಟ್ಟಿಲಿಳಿದು ಹೊರಗೆ ಕರೆದೊಯ್ದಿದ್ದರು. ಆಮೇಲೆ ತಮ್ಮ ಮನೆಯಲ್ಲೇ ಕೂರಿಸಿಕೊಂಡಿದ್ದರು.

ಸ್ವಲ್ಪ ದಿನ ಕಳೆದ ಮೇಲೆ ಅವರೇ ಹೇಳಿದರು: "ಮಗು ಅಳುವುದು ಕೇಳಿದಾಗೆಲ್ಲ ಬರಬೇಕು ಅನ್ನಿಸುತ್ತಿತ್ತು. ನೀವು ಬಂದು ಮಾತಾಡಿಸಿರಲಿಲ್ಲವಲ್ಲ, ನಿಮಗೆ ಇಷ್ಟವಿಲ್ಲವೇನೋ ಅಂದುಕೊಂಡೆ." ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಗೋಡೆ ಮಾತ್ರ. ಹೆಚ್ಚು ಕಡಿಮೆ ಎರಡು ವರ್ಷ ನನ್ನ ಹೆಂಡತಿ ಆ ಗೋಡೆಯ ಈಚೆ ಒಂಟಿಯಾಗಿ ಕಳೆದಳು. ಅದು ಈಗಲೂ ನನ್ನನ್ನು ಕೊರೆಯುತ್ತದೆ.

ಆದ್ದರಿಂದ ಬಂದ ಮೊದಲ ವಾರದಲ್ಲೇ ಹೋಗಿ. ಎಡ, ಬಲ, ಮೇಲೆ, ಕೆಳಗೆ, ನಾಲ್ಕೂ ಮನೆಗೆ. ತೀರಾ ಬೆಳಗ್ಗೆ, ರಾತ್ರಿ ಬೇಡ. 500ರಿಂದ 1,000 ಯೆನ್ ಒಳಗಿನ ಒಂದು ಟವೆಲ್ ಅಥವಾ ಸಿಹಿಯ ಡಬ್ಬಿ ಸಾಕು. ದುಬಾರಿ ಕೊಟ್ಟರೆ ವಾಪಸ್ ಏನು ಕೊಡುವುದು ಎಂದು ಅವರಿಗೆ ಸಂಕಟ. ಹೆಸರು ಹೇಳಿ, "ಯೊರೊಶಿಕು ಒನೆಗಾಯ್ ಶಿಮಸು" (ನಮ್ಮ ಮೇಲೆ ದಯವಿರಲಿ ಎಂಬಂತೆ) ಎಂದು ತಲೆಬಾಗಿಸಿ. ಮಗು ಇದೆ, ಸದ್ದಾಗಬಹುದು ಎಂದೂ ಹೇಳಿಬಿಡಿ. ಯಾರಾದರೂ ಬಾಗಿಲು ತೆರೆಯದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಒಬ್ಬರೇ ಇರುವವರಲ್ಲಿ, ಅದರಲ್ಲೂ ಹುಡುಗಿಯರಲ್ಲಿ, ಈ ಪದ್ಧತಿ ಕಡಿಮೆಯಾಗಿದೆ. ಆಮೇಲೆ ಕಸ. ಯಾವ ದಿನ ಯಾವ ಕಸ ಎಂದು ಪಟ್ಟಿ ಇರುತ್ತದೆ, ಅದನ್ನು ತಪ್ಪಿಸಬೇಡಿ. ಕಾಗೆ ಕೆದಕದಂತೆ ಬಲೆ ಹೊದಿಸಿ ಬನ್ನಿ. ಇಲ್ಲಿ ನೆರೆಹೊರೆಯವರು ನಿಮ್ಮನ್ನು ಅಳೆಯುವುದು ಅದರಿಂದಲೇ.

ಮನೆಗೆ ಬಂದು 14 ದಿನದೊಳಗೆ ವಾರ್ಡ್ ಆಫೀಸಿನಲ್ಲಿ ವಿಳಾಸ ನೋಂದಾಯಿಸಿ. ಆಫೀಸಿನಲ್ಲಿ ಒಂದು ಜೊತೆ ನಡೆಯುವ ಶೂ ಇಟ್ಟಿರಿ. ದೊಡ್ಡ ಭೂಕಂಪವಾದಾಗ 171ಕ್ಕೆ ಫೋನ್ ಮಾಡಿ ಮನೆಯವರಿಗೆ ದನಿ ಸಂದೇಶ ಬಿಡಬಹುದು, ಅದನ್ನು ಹೆಂಡತಿಗೂ ಕಲಿಸಿ.

ಕೊನೆಯ ಪ್ರಶ್ನೆಗೆ ನನ್ನ ಉತ್ತರ, ಜೊತೆಗೇ ಬನ್ನಿ. ಇಲ್ಲಿ ಶಾಲೆಯ ವರ್ಷ ಶುರುವಾಗುವುದೇ ಏಪ್ರಿಲ್‌ನಲ್ಲಿ. ಪಕ್ಕದ ಮನೆಗೆ ಹೋಗುವಾಗ ಮಗುವನ್ನೂ ಎತ್ತಿಕೊಂಡು ಹೋಗಿ, ಬಾಗಿಲು ಬೇಗ ತೆರೆಯುತ್ತದೆ.