ಕಾಮನಬಿಲ್ಲಿನ ಪಟ್ಟಿ ಕಟ್ಟಬೇಕಾ ಅಂತ ಕೇಳಿದ ತಮ್ಮನಿಗೆ

ತಮ್ಮಾ, ಸಿಡ್ನಿಗೆ ಬಂದು ಎರಡು ತಿಂಗಳಾಯಿತು, ಬಾಡಿಗೆ ಮನೆ ಎಲ್ಲಿ ನೋಡಲಿ, ಲೈಸೆನ್ಸ್ ಹೇಗೆ ಅಂತ ಕೇಳಿದ್ದೀಯ. ಕೊನೆಯಲ್ಲಿ ಇನ್ನೊಂದು ಮಾತು: 'ಆಫೀಸಿನ ಕ್ರಿಕೆಟ್ ತಂಡದಲ್ಲಿ ಗೇ ಜನರಿಗೆ ಬೆಂಬಲ ಅಂತ ಎಲ್ಲರೂ ಕಾಮನಬಿಲ್ಲಿನ ಪಟ್ಟಿ ಕಟ್ಟಬೇಕಂತೆ. ನಾವು ದೇವರನ್ನು ನಂಬುವವರು. ಬೇಡ ಅಂದರೆ ಕೆಲಸ ಹೋಗುತ್ತಾ ಅಕ್ಕಾ?'

ಮನೆ ವೆಂಟ್‌ವರ್ತ್‌ವಿಲ್ ಕಡೆ ನೋಡು. ಸ್ಟೇಷನ್ ಹತ್ತಿರ ಇರಲಿ. ಲೈಸೆನ್ಸ್ ವಿಚಾರ ಫೋನಿನಲ್ಲಿ ಹೇಳುತ್ತೇನೆ.

ಪಟ್ಟಿಯ ಮಾತು ಸ್ವಲ್ಪ ಉದ್ದ ಇದೆ. 2022ರ ಜುಲೈನಲ್ಲಿ ಇಲ್ಲಿನ ರಗ್ಬಿ ಲೀಗ್ ತಂಡ ಮ್ಯಾನ್ಲಿ, ಒಂದು ಪಂದ್ಯಕ್ಕೆ ಕಾಮನಬಿಲ್ಲಿನ ಬಣ್ಣದ ಜೆರ್ಸಿ ಮಾಡಿಸಿತು. ನಮ್ಮ ನಂಬಿಕೆ ಒಪ್ಪಲ್ಲ ಅಂತ ಏಳು ಆಟಗಾರರು ಆಡಲಿಲ್ಲ. ಅವರನ್ನು ಯಾರೂ ಮೊದಲೇ ಕೇಳಿರಲಿಲ್ಲ. ಕೋಚ್ ಡೆಸ್ ಹಾಸ್ಲರ್ ಆಟಗಾರರ ಕ್ಷಮೆ ಕೇಳಿದರು, ಗೇ ಸಮುದಾಯದ ಕ್ಷಮೆಯನ್ನೂ ಕೇಳಿದರು. ತಂಡ 20-10ರಿಂದ ಸೋತಿತು, ಆದರೆ ಆ ಏಳು ಜನರ ಕೆಲಸ ಹೋಗಲಿಲ್ಲ. ರಗ್ಬಿ ಆಟಗಾರ ಇಸ್ರೇಲ್ ಫೊಲಾವ್ ಕಥೆ ಬೇರೆ. ಸಲಿಂಗಿಗಳಿಗೆ ನರಕ ಕಾದಿದೆ ಅಂತ 2019ರಲ್ಲಿ ಇನ್‌ಸ್ಟಾಗ್ರಾಮಿನಲ್ಲಿ ಹಾಕಿದರು. ರಗ್ಬಿ ಆಸ್ಟ್ರೇಲಿಯಾ ಸಂಸ್ಥೆ ಅವರ ಒಪ್ಪಂದವನ್ನೇ ರದ್ದು ಮಾಡಿತು. ಆಮೇಲೆ ರಾಜಿಯಾಯಿತು.

ನಾನು 2016ರ ಚಳಿಗಾಲದಲ್ಲಿ ಬಂದಾಗ ಒಬ್ಬ ಸಹೋದ್ಯೋಗಿ ಹೀಟರ್, ಎರಡು ಕಂಬಳಿ ತಂದುಕೊಟ್ಟರು. ಮ್ಯಾನ್ಲಿ ಅಂದರೆ ಪ್ರಾಣ ಅವರಿಗೆ. ಬ್ರೂಕ್‌ವೇಲ್ ಮೈದಾನಕ್ಕೆ ಕರೆದುಕೊಂಡು ಹೋಗಿ ಆಟ ಕಲಿಸಿದರು. ಪ್ರತಿ ದೀಪಾವಳಿಗೆ ನಮ್ಮ ಮನೆಗೆ ಬರೋರು. ಹೋಗುವಾಗ ಆರು ಹೋಳಿಗೆ ಕಟ್ಟಿಸಿಕೊಳ್ಳೋರು. ಯಾರಿಗೆ ಅಂತ ನಾನು ಒಮ್ಮೆಯೂ ಕೇಳಲಿಲ್ಲ.

2022ರ ಆ ಜುಲೈನಲ್ಲಿ ಟೀ ರೂಮಿನಲ್ಲಿ ನಾನು ಜೋರಾಗಿ ಅಂದುಬಿಟ್ಟೆ, 'ಆ ಏಳು ಜನ ಮಾಡಿದ್ದೇ ಸರಿ. ಇಂಥದ್ದೆಲ್ಲ ನಮ್ಮ ಊರಲ್ಲಿ ಇಲ್ಲ.' ಅವರು ಸುಮ್ನೆ ಕಪ್ ತೊಳೆದಿಟ್ಟು ಹೋದರು. ಮನೆಯಲ್ಲಿ ಅವರ ಸಂಗಾತಿ ಇದ್ದಾರೆ, ಅವರೂ ಗಂಡಸು ಅಂತ ಆಮೇಲೆ ಇನ್ನೊಬ್ಬರಿಂದ ಗೊತ್ತಾಯಿತು. ಮ್ಯಾನ್ಲಿಗೇ ಆಡುತ್ತಿದ್ದ ಇಯಾನ್ ರಾಬರ್ಟ್ಸ್ 1995ರಲ್ಲಿ ತಾನು ಗೇ ಅಂತ ಎಲ್ಲರೆದುರು ಹೇಳಿಕೊಂಡವರು. ನನ್ನ ಸ್ನೇಹಿತರಿಗೆ ಆ ತಂಡ ಯಾಕೆ ಅಷ್ಟು ಹತ್ತಿರ ಅಂತ ಆಗ ಹೊಳೆಯಿತು. ಆ ವರ್ಷ ಅವರು ದೀಪಾವಳಿಗೆ ಬರಲಿಲ್ಲ. ಬೇರೆ ಕೆಲಸ ಹಿಡಿದು ಹೋದರು. ನಾನು ಕ್ಷಮೆ ಕೇಳಲೇ ಇಲ್ಲ.

ನಮ್ಮ ಊರಲ್ಲಿ ಇಲ್ಲ ಅಂದೆನಲ್ಲ, ಅದೂ ಸುಳ್ಳು. ನೀನೂ ಧಾರವಾಡ ಕಡೆಯವನು, ಎಲ್ಲಮ್ಮನ ಗುಡ್ಡ ಹತ್ತಿದವನು. ನಮ್ಮಜ್ಜಿ, ಗಂಡಾಗಿ ಹುಟ್ಟಿ ಸೀರೆ ಉಟ್ಟು ಎಲ್ಲಮ್ಮನ ಸೇವೆಗೆ ನಿಂತ ಜೋಗಪ್ಪನ ಕೈಯಿಂದಲೇ ಭಂಡಾರ ಹಚ್ಚಿಸಿಕೊಳ್ಳುತ್ತಿದ್ದಳು. ಜೋಗಪ್ಪ, ಗೇ ಎರಡೂ ಒಂದೇ ಅಲ್ಲ, ಗೊತ್ತು. ಆದರೂ ಆ ತಾಯಿ ಯಾರನ್ನೂ ಗುಡ್ಡದಿಂದ ಇಳಿಸಲಿಲ್ಲ ಅಲ್ವಾ?

ಮನಸ್ಸು ಒಪ್ಪದಿದ್ದರೆ ಕ್ಯಾಪ್ಟನ್ ಹತ್ತಿರ ಒಬ್ಬನೇ ಹೋಗಿ ಮೆತ್ತಗೆ ಹೇಳು. ನಾಲ್ಕು ಜನರ ಮುಂದೆ ಬೇಡ. ಪಕ್ಕದಲ್ಲಿ ಯಾರು ನಿಂತಿರುತ್ತಾರೋ. ನಾನಾದರೆ ಈಗ ಕಟ್ಟಿಕೊಳ್ಳುತ್ತೇನೆ.

ದೀಪಾವಳಿಗೆ ಊಟಕ್ಕೆ ಬಾ. ಹೋಳಿಗೆ ಈಗಲೂ ಆರು ಜಾಸ್ತಿನೇ ಮಾಡುತ್ತೇನೆ.