ಟಂಕಸಾಲೆಯ ತಪ್ಪೋ, ಆಮೇಲಿನ ಪೆಟ್ಟೋ?

ಪ್ರಶ್ನೆ: 1998ರ ಸ್ಟೀಲಿನ ಒಂದು ರೂಪಾಯಿ ನಾಣ್ಯದ ಅಂಚಿನಲ್ಲಿ ಅರ್ಧಚಂದ್ರದಷ್ಟು ತುಂಡು ಇಲ್ಲ. 4.85 ಗ್ರಾಂ ಇರಬೇಕಾದ್ದು 4.5 ಗ್ರಾಂ ಇದೆ. ಟಂಕಸಾಲೆಯ ತಪ್ಪು ಎನ್ನಲು ತೂಕವೇ ಸಾಕ್ಷಿಯಲ್ಲವೇ? (ಸಾಗರ)

ಉತ್ತರ: ಅಲ್ಲ. ಗರಗಸದಲ್ಲಿ ಕೊಯ್ದರೂ ತೂಕ ಇಳಿಯುತ್ತದೆ. ತಕ್ಕಡಿ ಬದಿಗಿಟ್ಟು ಹತ್ತು ಪಟ್ಟು ಹಿಗ್ಗಿಸುವ ಮಸೂರ ಹಿಡಿಯಿರಿ. ಟಂಕಸಾಲೆಯಲ್ಲಿ ಲೋಹದ ಪಟ್ಟಿ ಸರಿಯಾಗಿ ಮುಂದೆ ಸರಿಯದಿದ್ದರೆ, ಹಿಂದಿನ ಬಿಲ್ಲೆ (ಅಚ್ಚು ಬೀಳುವ ಮುಂಚಿನ ಬರಿ ಲೋಹದ ತುಂಡು) ಬಿಟ್ಟುಹೋದ ತೂತಿನ ಮೇಲೇ ಅದನ್ನು ಕತ್ತರಿಸುವ ಪಂಚ್ ಬಿದ್ದು, ಕಚ್ಚಿದಂಥ ಬಿಲ್ಲೆ ಹೊರಬರುತ್ತದೆ. ಅಂಚು ಎಬ್ಬಿಸುವ ಯಂತ್ರ ಬಿಲ್ಲೆಯನ್ನು ಎರಡೂ ಕಡೆಯಿಂದ ಒತ್ತುತ್ತದೆ. ಕಚ್ಚಿದ ಕಡೆ ಒತ್ತು ಸಿಗದ ಕಾರಣ, ಅದರ ನೇರ ಎದುರಿನ ಅಂಚೂ ಸರಿಯಾಗಿ ಏಳುವುದಿಲ್ಲ. ಮೊದಲು ಅದನ್ನೇ ನೋಡಿ. ಕಚ್ಚು ತೀರ ಸಣ್ಣದಾದರೆ ಈ ಗುರುತು ಕಾಣದಿರಬಹುದು. ಆಗ ಅಕ್ಷರ ನೋಡಬೇಕು. ಅಚ್ಚು ಬಿದ್ದಾಗ ಲೋಹ ಖಾಲಿ ಜಾಗದತ್ತ ಹರಿಯುವುದರಿಂದ ಕಚ್ಚಿನ ಪಕ್ಕದ ಅಕ್ಷರ ಎಳೆದಂತಾಗಿ ಮಸುಕಾಗುತ್ತದೆ. ಆಮೇಲೆ ಕೊಯ್ದ ನಾಣ್ಯದಲ್ಲಿ ಅಕ್ಷರ ಕೊನೆಯ ತನಕ ಚೂಪಾಗಿದ್ದು ತಟ್ಟನೆ ತುಂಡಾಗಿರುತ್ತದೆ. ಕೊಯ್ದ ಗೋಡೆಯಲ್ಲಿ ಅರದ ಗೀರುಗಳೂ ಸಿಗುತ್ತವೆ.

ಪ್ರಶ್ನೆ: ಕೂಡ್ಲಿ ಹೊಳೆಯಲ್ಲಿ ಸಿಕ್ಕ ಹನ್ನೊಂದು ಮೂಲೆಯ ಎರಡು ರೂಪಾಯಿಯಲ್ಲಿ ಅರ್ಧ ಅಕ್ಷರಗಳೇ ಇಲ್ಲ. ಅಚ್ಚು ಸರಿಯಾಗಿ ಬಿದ್ದಿಲ್ಲವೇ? (ಹೊಳೆಹೊನ್ನೂರು)

ಉತ್ತರ: ಇಲ್ಲಿ ತಕ್ಕಡಿಯೇ ಬೇಕು, 0.01 ಗ್ರಾಂ ತೋರಿಸುವಂಥದ್ದು. ಅಚ್ಚಿನ ಕುಳಿಯಲ್ಲಿ ಗ್ರೀಸ್ ತುಂಬಿಕೊಂಡರೆ ಅಕ್ಷರ ಮೂಡುವುದಿಲ್ಲ, ಆದರೆ ಲೋಹ ಎಲ್ಲೂ ಹೋಗುವುದಿಲ್ಲ. ತಾಮ್ರ-ನಿಕ್ಕಲ್ಲಿನ ಈ ನಾಣ್ಯ ಆರು ಗ್ರಾಂ ಹತ್ತಿರವೇ ತೂಗಬೇಕು. ಹೊಳೆಯ ಮರಳು ತೇಯ್ದದ್ದಾದರೆ ತೂಕ ಇಳಿದಿರುತ್ತದೆ, ಮೂಲೆಗಳೂ ಸವೆದು ನುಣ್ಣಗಾಗಿರುತ್ತವೆ. ಹರಕೆಗೆ ಹೊಳೆಗೆ ಎಸೆದ ನಾಣ್ಯಗಳ ಪಾಡು ಸಾಮಾನ್ಯವಾಗಿ ಇದೇ.

ಪ್ರಶ್ನೆ: ಐದು ರೂಪಾಯಿಯ ಒಂದು ಕಡೆ ಸಿಂಹ, ಇನ್ನೊಂದು ಕಡೆ ಅದೇ ಸಿಂಹ ತಿರುಗುಮುರುಗಾಗಿ ಒಳಗಿಳಿದಿದೆ. (ತೀರ್ಥಹಳ್ಳಿ)

ಉತ್ತರ: ಸಂಗ್ರಾಹಕರು ‘ಲಖಿ’ ಎನ್ನುವುದು ಇದನ್ನೇ ಇರಬಹುದು. ಹಿಂದಿನ ನಾಣ್ಯ ಅಚ್ಚಿಗೆ ಅಂಟಿಕೊಂಡು ಮುಂದಿನ ಬಿಲ್ಲೆಗೆ ತಾನೇ ಅಚ್ಚಾದಾಗ ಹೀಗಾಗುತ್ತದೆ. ಎರಡು ನಾಣ್ಯ ಸೇರಿಸಿ ವೈಸ್‌ನಲ್ಲಿ (ತಿರುಪಿನಿಂದ ಬಿಗಿಯುವ ಹಿಡಿಕೆಯಲ್ಲಿ) ಬಿಗಿದೂ ಇದನ್ನು ನಕಲು ಮಾಡುತ್ತಾರೆ. ಒಳಗಿಳಿದ ಮುಖದಲ್ಲಿ ‘5’ ಅಂಕೆಯ ಚಪ್ಪಟೆಯಾದ ಅವಶೇಷ ಎಲ್ಲಾದರೂ ಕಂಡರೆ ಅದು ವೈಸ್‌ನ ಕೆಲಸ: ಮೊದಲು ನಾಣ್ಯವಾಗಿ, ಆಮೇಲೆ ಒತ್ತಿಸಿಕೊಂಡಿದೆ. ನಿಜವಾದ ಲಖಿಯಲ್ಲಿ ಆ ಮುಖಕ್ಕೆ ‘5’ ಬಂದೇ ಇರುವುದಿಲ್ಲ.

ಪ್ರಶ್ನೆ: ಹತ್ತು ರೂಪಾಯಿಯ ನಡುವಿನ ಬಿಲ್ಲೆ ಓರೆಯಾಗಿದೆ. ಕೊಳ್ಳುವವರೊಬ್ಬರು ಫೋನಿನಲ್ಲಿ ಲಕ್ಷ ರೂಪಾಯಿ ಎಂದು, ಮೊದಲು ನೋಂದಣಿ ಶುಲ್ಕ ಕೇಳುತ್ತಿದ್ದಾರೆ. (ಶಿವಮೊಗ್ಗ)

ಉತ್ತರ: ಉಂಗುರಕ್ಕೂ ನಡುವಿನ ಬಿಲ್ಲೆಗೂ ಅಚ್ಚು ಒಂದೇ. ಅಚ್ಚು ತಿರುಗಿದ್ದರೆ ಆ ಮುಖ ಇಡಿಯಾಗಿ ತಿರುಗಬೇಕು. ನಡುವಿನ ಭಾಗ ಮಾತ್ರ ಎರಡೂ ಮುಖದಲ್ಲಿ ಅಷ್ಟಷ್ಟೇ ಓರೆಯಾಗಿದ್ದರೆ ಯಾರೋ ಬಡಿದು ತೆಗೆದು ಮತ್ತೆ ಕೂರಿಸಿದ್ದಾರೆ. ಶುಲ್ಕ ಕಟ್ಟಬೇಡಿ. ಹಳೇ ನಾಣ್ಯ ಮಾರಾಟದಲ್ಲಿ ತನ್ನ ಹೆಸರು ಹೇಳಿ ಶುಲ್ಕ, ಕಮಿಷನ್ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ನಿಮ್ಮ ನಾಣ್ಯವನ್ನು ಬಸ್ಸಿಗೆ ಕೊಡಬಹುದು.